ಯಾರಿಗೆ ಯಾವ ಯೋಗ, ಶರಣಬಸಮ್ಮ?

ಡೊಂಬಿವಲಿ
14 ಆಗಸ್ಟ್ 1988, ಭಾನುವಾರ

ಪ್ರೀತಿಯ ಶರಣಬಸಮ್ಮಾ,

ನಿನ್ನ ಕಾಗದ ಮಂಗಳವಾರ ಕೈಸೇರಿತು. ಮಗಳು ಗುರಮ್ಮನ ಅಕ್ಷರ ದುಂಡಗಿದೆ. ಆದರೆ ಕನ್ನಡದ ಅಕ್ಷರಗಳ ನೆತ್ತಿಯ ಮೇಲೂ ಮರಾಠಿಯ ಹಾಗೆ ಉದ್ದ ಗೆರೆ ಎಳೆದುಬಿಟ್ಟಿದ್ದಾಳೆ. ಗುಲಬರ್ಗಾಕ್ಕೆ ಹೋಗಿ ಎರಡು ವರ್ಷವಾದರೂ ಠಾಣೆಯ ಪಕ್ಕದ ಕಳವಾ ಊರಿನ ಮರಾಠಿ ಶಾಲೆ ಅವಳ ಕೈ ಬಿಟ್ಟಿಲ್ಲ. ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೆಯ ಸಲ ಬರಲಿಲ್ಲ.

ನೀನು ಎರಡು ವಿಷಯ ಬರೆಸಿದ್ದೀಯ. ನಿನ್ನ ಗಂಡ ಮಾಪಣ್ಣ ಕೆಲಸ ಮಾಡುವ ದಾಲ್ ಮಿಲ್ಲಿನ ಅಂಗಳಕ್ಕೆ ಯಾರೋ ಸ್ವಾಮಿಗಳು ಬಂದು ಮೂಗು ಹಿಡಿದು ಉಸಿರಾಡುವುದನ್ನು ಕಲಿಸುತ್ತಿದ್ದಾರೆ. ಗುರಮ್ಮನ ಶಾಲೆಯಲ್ಲಿ ಡ್ರಿಲ್ ಮಾಸ್ತರು ಬೆವರು ಸುರಿಯುವಂತೆ ಸೂರ್ಯನಮಸ್ಕಾರ ಹಾಕಿಸುತ್ತಿದ್ದಾರೆ. ಇಬ್ಬರೂ ತಮ್ಮದೇ ನಿಜವಾದ ಯೋಗ ಎನ್ನುತ್ತಾರೆ. "ಮಿಲ್ಲಿನ ಹೆಣ್ಮಕ್ಕಳು ಯಾವುದು ಚಲೋ ಅಂತ ನನಗ ಕೇಳ್ತಾರ. ಏನ್ ಹೇಳ್ಲಿ ಅಕ್ಕೋರೇ?" ಇದು ಒಂದು. ಇನ್ನೊಂದು ಕಾಗದದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿತ್ತು: "ಗುರಮ್ಮಗ ಮದಿವಿ ಮಾತು ನಡದದ. ನನಗ ಆದದ್ದು ಆಕಿಗಿ ಗೊತ್ತಿರಬೇಕು. ನನ್ನ ಬಾಯಿಂದ ಬರವಲ್ದು. ನೀವು ಬರೀರಿ, ಆಕಿನೇ ಓದ್ಲಿ." ಆ ಸಾಲನ್ನು ಬರೆದವಳೂ ಗುರಮ್ಮನೇ ಅಲ್ಲವೇ? ಬರೆಯುವಾಗ ಒಮ್ಮೆ ತಲೆಯೆತ್ತಿ ನಿನ್ನ ಮುಖ ನೋಡಿರಬೇಕು. ನೀನು ಎತ್ತಲೋ ನೋಡಿರಬೇಕು.

ಎರಡಕ್ಕೂ ಉತ್ತರ ಒಂದೇ ಕತೆಯಲ್ಲಿದೆ ಅನ್ನಿಸಿ ಇವತ್ತು ಬರೆಯಲು ಕೂತಿದ್ದೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗುರಮ್ಮಾ, ನೀನು ಗಟ್ಟಿಯಾಗಿ ಓದು. ಅಮ್ಮ "ಸಾಕು ಬಿಡು" ಅಂದರೂ ನಿಲ್ಲಿಸಬೇಡ.

ನಿನ್ನನ್ನು ಕಾಣುವುದಕ್ಕೂ ಐದು ವರ್ಷ ಮೊದಲು, ಎಪ್ಪತ್ತಾರರಲ್ಲಿ, ನನ್ನ ಕುತ್ತಿಗೆ ಎಡಕ್ಕೆ ತಿರುಗುವುದನ್ನು ನಿಲ್ಲಿಸಿತ್ತು. ಫೋರ್ಟಿನ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ದಿನಕ್ಕೆ ಎಂಟು ತಾಸು ಯಂತ್ರದ ಮುಂದೆ ಬಗ್ಗಿ ಕೂರುವುದು. ಹೋಗುವಾಗಲೂ ಬರುವಾಗಲೂ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಂಬಕ್ಕೆ ಒತ್ತಿ ನಿಲ್ಲುವುದು. ಯಾರಾದರೂ ಎಡಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಬೇಕಾಗಿತ್ತು. ಆಗ ಯಾರೋ ಠಾಣೆಯ ನೌಪಾಡಾದಲ್ಲಿ ಯೋಗ ಕಲಿಸುವ ಸಂಕರ್ಷಣ ಮಾಸ್ಟ್ರ ಹೆಸರು ಹೇಳಿದರು. ಉಡುಪಿ ಕಡೆಯವರು, ಮದುವೆಯಾಗದವರು, ಮೈಸೂರಿನಲ್ಲಿ ಕಲಿತು ಬಂದವರು. ಶಾಲೆಯೊಂದರ ಮೊದಲ ಮಹಡಿಯ ಹಾಲಿನಲ್ಲಿ ಬೆಳಿಗ್ಗೆ ಕ್ಲಾಸು. ಅವರದು ನಿಲ್ಲದ ಯೋಗ. ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾರುವುದು, ಬಗ್ಗುವುದು, ಏಳುವುದು, ಮತ್ತೆ ಹಾರುವುದು. ಫಾಸ್ಟ್ ಲೋಕಲ್ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲದ ಹಾಗೆ ನಡುವೆ ಎಲ್ಲೂ ನಿಲ್ಲುವಂತಿರಲಿಲ್ಲ. ಮೊದಲ ವಾರ ಅಳು ಬಂತು. ಆರು ತಿಂಗಳಲ್ಲಿ ನನ್ನ ಕುತ್ತಿಗೆ ತಿರುಗಿತು. ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುವವಳಾದೆ.

ಒಳ್ಳೆಯದಾದವರಿಗೆ ಬರುವ ಹುಚ್ಚು ನನಗೂ ಬಂತು. ಲೋಕಕ್ಕೆಲ್ಲ ಇದನ್ನೇ ಮಾಡಿಸಬೇಕು ಎನ್ನುವ ಹುಚ್ಚು. ಮೊದಲು ಸಿಕ್ಕಿದವರು ನನ್ನ ಮಾವ ಭುಜಂಗರು. ನಲವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತು ದೋಸೆ ಹೊಯ್ದವರು. ಕಾಲಿನ ನರಗಳು ನೀಲಿಯಾಗಿ ಹಗ್ಗದ ಹಾಗೆ ಉಬ್ಬಿದ್ದವು. ಅವರನ್ನು ಮೂರು ದಿನ ಹಾರಿಸಿದೆ. ನಾಲ್ಕನೆಯ ಬೆಳಿಗ್ಗೆ ಹಾಲು ತರುತ್ತೇನೆಂದು ಹೋದವರು ಹತ್ತು ಗಂಟೆಯವರೆಗೆ ಮನೆಗೆ ಬರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. "ನಿನ್ನ ಯೋಗಕ್ಕೊಂದು ದೊಡ್ಡ ನಮಸ್ಕಾರ ಮಾರಾಯ್ತಿ. ಇನ್ನು ನನ್ನನ್ನು ಬಿಟ್ಟುಬಿಡು" ಅಂದರು. ತಪ್ಪು ಯೋಗದ್ದಲ್ಲ, ಮಾವನ ಸೋಮಾರಿತನದ್ದು ಎಂದುಕೊಂಡೆ. ಅಷ್ಟು ಸೊಕ್ಕು ನನಗೆ.

ಎಂಬತ್ತೊಂದರಲ್ಲಿ ಮಾಸ್ಟ್ರು ಭಾನುವಾರದ ಹೆಂಗಸರ ಕ್ಲಾಸನ್ನು ನನಗೆ ವಹಿಸಿದರು. ಗಲ್ಲಿಯ ಆಚೆ ಒಂದು ಬಿಲ್ಡಿಂಗ್ ಏಳುತ್ತಿತ್ತು. ಬೆಳಿಗ್ಗೆ ಏಳಕ್ಕೆ ಹೊಸ ಸ್ಲ್ಯಾಬಿಗೆ ನೀರು ಹೊಡೆಯಲು ಬರುತ್ತಿದ್ದವಳು ನೀನು. ನಿನ್ನ ಸ್ಲ್ಯಾಬು, ನನ್ನ ಹಾಲಿನ ಕಿಟಕಿ ಒಂದೇ ಎತ್ತರದಲ್ಲಿದ್ದವು. ನೀನು ಪೈಪು ಹಿಡಿದುಕೊಂಡು ನಮ್ಮನ್ನೇ ನೋಡುತ್ತ ನಿಲ್ಲುವುದು, ಒಮ್ಮೊಮ್ಮೆ ನಗುವುದು ನನಗೆ ಕಾಣುತ್ತಿತ್ತು. ಒಂದು ಭಾನುವಾರ ಸಿಟ್ಟು ಬಂದು ಕಿಟಕಿಗೆ ಹೋಗಿ ಹಿಂದಿಯಲ್ಲಿ ಏನು ನಗು ಎಂದು ಕೇಳಿದೆ. ನೀನು ಪಕ್ಕದವಳಿಗೆ ಕನ್ನಡದಲ್ಲಿ ಏನೋ ಅಂದೆ. ನಾನೂ ಕನ್ನಡದಲ್ಲೇ ಕೇಳಿದೆ, "ಏನಂದಿರಿ?" ಆಗ ನೀನು ನಾಚದೆ ಹೇಳಿದೆ:

"ನಗಲ್ದೆ ಏನ್ ಮಾಡ್ಲಿ ಅಕ್ಕೋರೇ, ಆ ಹಸರು ಅಂಗಿ ಬಾಯಿ ಎಡಗಾಲ ಮ್ಯಾಗ ಭಾರಾನೇ ಹಾಕವಲ್ಳು, ನೀವು ಆಕಿಗಿ ಎಗರು ಎಗರು ಅಂತೀರಿ. ನಾಳಿ ಕುಂಟ್ತಾಳ್ ನೋಡ್ರಿ."

ಹಸಿರು ಪಂಜಾಬಿ ಡ್ರೆಸ್ಸಿನ ಆ ಹೆಂಗಸು ಮುಂದಿನ ಭಾನುವಾರ ಬರಲಿಲ್ಲ. ಮೊಣಕಾಲು ಊದಿತ್ತಂತೆ. ಎಡಗಡೆಯದೇ.

ಅವತ್ತು ಕ್ಲಾಸು ಮುಗಿಸಿ ನಾನೇ ಗಲ್ಲಿ ದಾಟಿ ನಿನ್ನ ಹತ್ತಿರ ಬಂದೆ. ಹೇಗೆ ಗೊತ್ತಾಯಿತು ಎಂದು ತಿಳಿಯದೆ ನನಗೆ ನಿದ್ದೆ ಬರುವಂತಿರಲಿಲ್ಲ. ನಿಮಗೆ ಹೇಗೆ ತಿಳಿಯಿತು, ನೀವು ಎಲ್ಲಿ ಕಲಿತಿರಿ ಎಂದು ಕೇಳಿದರೆ ನೀನು ಮೊದಲು ನನ್ನ ಬಹುವಚನಕ್ಕೇ ನಕ್ಕೆ. "ನೀವು ಗೀವು ಅನಬ್ಯಾಡ್ರಿ. ನನ್ನ ಹಿಂದ ಯಾರರೆ ನಿಂತಾರೇನು ಅಂತ ತಿರುಗಿ ನೋಡಬೇಕಾಗ್ತದ." ಆಮೇಲೆ ಹೇಳಿದೆ. ಸೈಟಿನ ಮುಕಾದಮ ಹೆಣ್ಣಾಳುಗಳಿಗೆ ಕೆಲಸ ಹಂಚುವುದನ್ನು ನಿನಗೇ ಬಿಟ್ಟಿದ್ದ. ಬೆಳಿಗ್ಗೆ ಅವರು ನಡೆದು ಬರುವುದನ್ನು ನೀನು ನೋಡುತ್ತ ನಿಲ್ಲುತ್ತಿದ್ದೆ. "ಬಸುರಿದ್ದಾಕಿಗಿ ನೀರು. ಹರೇದ ಹುಡುಗ್ಯಾರಿಗಿ ಉಸುಕು. ಕುತ್ತಿಗಿ ಗಟ್ಟಿದ್ದವ್ರಿಗಿ ಇಟ್ಟಂಗಿ. ಎಲ್ಲರಿಗೂ ಒಂದೇ ಬುಟ್ಟಿ ಕೊಟ್ರ ಸಂಜೀತನ ಯಾರ್ ಉಳೀತಾರ್ರೀ?"

ಐದು ವರ್ಷ ಯೋಗ ಮಾಡಿದ್ದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವತ್ತಿನಿಂದ ನನ್ನ ಕಣ್ಣು ಬದಲಾಯಿತು. ಲೇಡೀಸ್ ಡಬ್ಬಿಯಲ್ಲಿ ನಿಂತವರ ಭುಜ ನೋಡಿ ಅವರ ಕೆಲಸ ಯಾವುದೆಂದು ಊಹಿಸತೊಡಗಿದೆ. ಬಲಭುಜ ಇಳಿದವಳು ಮೀನಿನ ಬುಟ್ಟಿಯವಳು; ಗಲ್ಲ ಮುಂದೆ ಚಾಚಿದವಳು ನನ್ನ ಹಾಗೆ ಟೈಪಿಸ್ಟು; ಹಿಮ್ಮಡಿಯ ಮೇಲೆ ಭಾರ ಬಿಟ್ಟು ನಿಂತವಳು ಟೀಚರು. ಕೆಲವೊಮ್ಮೆ ನಾಚಿಕೆ ಬಿಟ್ಟು ಕೇಳಿಯೂ ನೋಡುತ್ತಿದ್ದೆ. ಅರ್ಧಕ್ಕರ್ಧ ಸರಿಯಾಗುತ್ತಿತ್ತು.

ನೀನು ಭಾನುವಾರ ನೀರು ಹೊಡೆದು, ಉಳಿದ ಕೆಲಸಕ್ಕೆ ಮುಂಚೆ ಬಂದು ಹಾಲಿನ ಮೂಲೆಯಲ್ಲಿ ಕೂರಲು ಶುರು ಮಾಡಿದೆ. ಮಾವನನ್ನು ನಾನು ಒಮ್ಮೆ ಕರೆತಂದಾಗ ನೀನು, "ಮುದುಕಪ್ಪಗ ನಿಂತು ನಿಂತು ಸಾಕಾಗ್ಯದ. ಇನ್ನಾ ನಿಂದ್ರಸ್ತೀರಲ್ಲ? ಕಾಲು ಮ್ಯಾಗ ಮಾಡಿ ಮಲಗಸ್ರಿ" ಅಂದೆ. ಮಾವ ಗೋಡೆಗೆ ಕಾಲು ಚಾಚಿ ಮಲಗಿದರು. ಹತ್ತು ನಿಮಿಷ ಬಿಟ್ಟು ಕಣ್ಣು ತೆರೆದು, ಈ ಹುಡುಗಿ ಯಾವ ಊರಿನವಳು, ನನ್ನ ಸೊಸೆಗಿಂತ ಬುದ್ಧಿವಂತೆ ಎಂದರು. ಅವರಿಗೆ ಒಗ್ಗುವ ಯೋಗ ನೀನು ಕಂಡುಹಿಡಿದದ್ದು.

ಇಷ್ಟೆಲ್ಲ ಕಂಡ ಮೇಲೂ ನಾನು ಆ ತಪ್ಪು ಮಾಡಿದೆ, ಶರಣಬಸಮ್ಮ. ಇದನ್ನು ಬರೆಯಲು ಆರು ವರ್ಷ ಬೇಕಾಯಿತು.

ಎಂಬತ್ತೆರಡರ ಸಂಕ್ರಾಂತಿ ಕಳೆದ ಭಾನುವಾರ ಮಾಸ್ಟ್ರು ನನ್ನ ಕ್ಲಾಸು ನೋಡಲು ಬರುವವರಿದ್ದರು. ನಿನ್ನ ಬೆನ್ನು ಎಂಥ ನೇರ! ತಲೆಯ ಮೇಲೆ ಇಟ್ಟಿಗೆ ಹೊತ್ತು ಏಣಿ ಹತ್ತುವವಳಿಗೆ ಯಾವ ಆಸನ ಕಷ್ಟ ಎಂದು ನನ್ನ ಲೆಕ್ಕ. ನಿನ್ನನ್ನು ಮುಂದೆ ನಿಲ್ಲಿಸಿ ಮಾಸ್ಟ್ರಿಗೆ ತೋರಿಸುವ ಆಸೆ. ನೀನು ಬೇಡ ಅಂದೆ. ನಾನು ಬಿಡಲಿಲ್ಲ. ಬೇಡ ಅಂದದ್ದನ್ನು ನಾಚಿಕೆ ಎಂದು ತಿಳಿದೆ. ನನ್ನ ಹಳೆಯ ಪಂಜಾಬಿ ಡ್ರೆಸ್ ಕೊಟ್ಟರೆ ನೀನು ಅದನ್ನು ಮಡಿಸಿಟ್ಟು ಸೀರೆಯ ಕಚ್ಚೆ ಬಿಗಿದು ಬಂದೆ. ಅಷ್ಟು ಬಿಗಿ ಯಾಕೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ.

ಐದು ಸುತ್ತು ನೀನು ಎಲ್ಲರಿಗಿಂತ ಚೆನ್ನಾಗಿ ಮಾಡಿದೆ. ಮಾಸ್ಟ್ರ ಹುಬ್ಬು ಮೇಲೇರಿದ್ದು ನೋಡಿ ನನಗೆ ಹೆಮ್ಮೆ. ಆರನೆಯದರಲ್ಲಿ ಹಿಂದಕ್ಕೆ ಹಾರಿದವಳು ಹಾಗೆಯೇ ನಿಂತುಬಿಟ್ಟೆ. ಮುಖ ಬಿಳಚಿತ್ತು. ಒಂದು ಕೈಯಿಂದ ಸೀರೆಯ ನೆರಿಗೆ ಒತ್ತಿ ಹಿಡಿದು, ಯಾರನ್ನೂ ನೋಡದೆ, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದೆ. ಮಾಸ್ಟ್ರು, "ಶಿಸ್ತು ಇಲ್ಲದವರಿಗೆ ಇದು ಆಗೂದಿಲ್ಲ ಜಯಲತಾ, ನಾನು ಮೊದಲೇ ಹೇಳಿದ್ದೆ" ಎಂದರು. ನಾನು ನಿನ್ನ ಹಿಂದೆ ಬರಲಿಲ್ಲ. ಕ್ಲಾಸು ಮುಗಿಸಬೇಕಿತ್ತು.

ಮುಂದಿನ ಮೂರು ಭಾನುವಾರ ಸ್ಲ್ಯಾಬಿನ ಮೇಲೆ ಬೇರೆ ಯಾರೋ ಹೆಂಗಸು ನೀರು ಹೊಡೆಯುತ್ತಿದ್ದಳು. ನಾಲ್ಕನೆಯ ವಾರ ಅವಳಿಂದ ವಿಳಾಸ ಕೇಳಿಕೊಂಡು ಖಾಡಿಯ ಸೇತುವೆ ದಾಟಿ ಕಳವಾಕ್ಕೆ ಬಂದೆ. ರೈಲ್ವೆ ಕಾರ್‌ಶೆಡ್ಡಿನ ಹಿಂದಿನ ಸಾಲು ಖೋಲಿಗಳಲ್ಲಿ ನಿನ್ನದು ಯಾವುದೆಂದು ತೋರಿಸಿದ್ದು ಗುರಮ್ಮ. ಹನ್ನೊಂದು ವರ್ಷ ಅವಳಿಗೆ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ, "ಮಾ ಸೋ ರಹೀ ಹೈ" ಅಂದಳು. ಹಾಡುಹಗಲು ಎರಡು ಗಂಟೆಗೆ ನೀನು ಮಲಗಿದ್ದೆ. ಅವಳನ್ನು ನೀರು ತರಲು ಕಳಿಸಿ, ಗೋಡೆಗೆ ಮುಖ ಮಾಡಿಕೊಂಡು ನೀನು ಹೇಳಿದೆ.

ಗುರಮ್ಮಾ, ಇಲ್ಲಿ ದನಿ ಸಣ್ಣ ಮಾಡಬೇಡ. ಓದು.

ನಿನ್ನ ನಂತರ ನಿನ್ನಮ್ಮನಿಗೆ ಇನ್ನೊಂದು ಕೂಸು ಹುಟ್ಟಿ ಐದನೆಯ ದಿನ ತೀರಿಕೊಂಡಿತು. ಎಂಟನೆಯ ದಿನ ಅವಳು ಸೈಟಿಗೆ ಹೋಗಿ ಇಟ್ಟಿಗೆ ಹೊತ್ತಳು. ಹೆತ್ತ ಹೆಣ್ಣಿನ ಮೈ ಒಳಗೆ ಇನ್ನೂ ಸಡಿಲವಾಗಿರುತ್ತದೆ, ಆಗ ಭಾರ ಹೊರಬಾರದು. ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಂದು ತಿಂಗಳಿಗೆ ಗರ್ಭಕೋಶ ಕೆಳಗೆ ಜಾರತೊಡಗಿತು. "ಕೂಸಿನ ಚೀಲ ಹೊರಗ ಬಂದಂಗ ಆಗ್ತದ ಅಕ್ಕೋರೇ. ಕೈಲೆ ಒಳಗ ದೂಡಿ ಅರಿವಿ ಬಿಗೀತೀನಿ." ನಾಲ್ಕು ವರ್ಷ ಹೀಗೆಯೇ ಬಟ್ಟೆ ಬಿಗಿದು ಏಣಿ ಹತ್ತಿದ್ದಳು. ಮುಕಾದಮನಿಗೆ ತಿಳಿದರೆ ಕೆಲಸ ಹೋಗುತ್ತದೆ, ಗಂಡನಿಗೆ ತಿಳಿದರೆ ಏನಾಗುತ್ತದೋ ಗೊತ್ತಿಲ್ಲ. ನಾನು ಅವಳನ್ನು ಹಾರಿಸಿದ ದಿನ ರಕ್ತ ಬಂದಿತ್ತು. ಅಂದಿನಿಂದ ಎದ್ದಿರಲಿಲ್ಲ.

ಶರಣಬಸಮ್ಮ, ನಾನು ಅಳತೊಡಗಿದೆ. ನೀನು ಅಳಲಿಲ್ಲ. ಗೋಡೆಗೇ ಹೇಳಿದೆ, "ಎಲ್ಲರ ಮೈ ನೋಡಿ ಬುಟ್ಟಿ ಕೊಡ್ತಿದ್ದೆ. ನನ್ನ ಮೈ ನೋಡೋರು ಯಾರಿದ್ರು?"

ನಾನಿದ್ದೆ, ಶರಣಬಸಮ್ಮ. ನೋಡುವವಳ ಜಾಗದಲ್ಲಿ ನಾನಿದ್ದೆ. ನೋಡಲಿಲ್ಲ.

ಮಾರನೆಯ ದಿನವೇ ಮಾಸ್ಟ್ರ ಹತ್ತಿರ ಹೋದೆ. ಇಂಥವಳಿಗೆ ಯಾವ ಆಸನ ಎಂದು ಕೇಳಿ ವಿಷಯ ಹೇಳಲು ಬಾಯಿ ತೆರೆದರೆ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ಇದನ್ನೆಲ್ಲ ನನ್ನ ಹತ್ರ ಹೇಳ್ಬೇಡ ಮಾರಾಯ್ತಿ. ಗುರುಗಳು ಕೊಟ್ಟ ಕ್ರಮ ಒಂದು ಉಂಟು, ನಾನದನ್ನು ಬದಲು ಮಾಡೂದಿಲ್ಲ. ಆಗದವರು ಬಿಡ್ಲಿ" ಎಂದರು. ಕೆಟ್ಟವರಲ್ಲ ಅವರು. ಹೆಂಗಸಿನ ಮೈಯ ಮಾತು ಕೇಳಿ ಅವರ ಕಿವಿ ಕೆಂಪಾಗಿತ್ತು. ಆದರೆ ಅವತ್ತು ನನಗೆ ಅವರ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಆ ವಾರವೇ ಕ್ಲಾಸು ಬಿಟ್ಟೆ.

ಕಲ್ಯಾಣದಲ್ಲಿ ದಮಯಂತಿಬಾಯಿ ಎಂಬವರು ಇನ್ನೊಂದು ಬಗೆಯ ಯೋಗ ಕಲಿಸುತ್ತಾರೆಂದು ಆಫೀಸಿನ ಗೆಳತಿ ಹೇಳಿದ್ದು ನೆನಪಾಯಿತು. ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರ ಕೋಣೆ ನೋಡಿ ಇದು ಯೋಗದ ಮನೆಯೋ ಗೋದಾಮೋ ಎಂದು ಅನುಮಾನ ಬಂತು. ಕಿಟಕಿಯ ಸರಳಿಗೆ ಹಗ್ಗಗಳು, ಮರದ ಇಟ್ಟಿಗೆಗಳು, ಬೆನ್ನು ಕಿತ್ತ ಕಬ್ಬಿಣದ ಕುರ್ಚಿಗಳು, ಚಾವಣಿಯವರೆಗೆ ಮಡಿಸಿಟ್ಟ ಕಂಬಳಿಗಳು. ಅಲ್ಲಿ ಯಾರೂ ಹಾರುತ್ತಿರಲಿಲ್ಲ. ಒಬ್ಬಳು ಹಗ್ಗಕ್ಕೆ ಜೋತು ಬೆನ್ನು ಉದ್ದ ಮಾಡುತ್ತಿದ್ದಳು, ಒಬ್ಬ ಮುದುಕ ಕುರ್ಚಿಯ ಮೇಲೆ ಬಾಗಿದ್ದ, ಒಬ್ಬ ಹುಡುಗಿ ಒಂದೇ ಆಸನದಲ್ಲಿ ಐದು ನಿಮಿಷದಿಂದ ನಿಂತಿದ್ದಳು. ಇಷ್ಟೊಂದು ಸಾಮಾನು ಯಾಕೆ ಎಂದು ಕೇಳಿದೆ. ಮೈ ಆಸನದ ಹತ್ತಿರ ಹೋಗಲಾರದಿದ್ದರೆ ಆಸನ ಮೈಯ ಹತ್ತಿರ ಬರಬೇಕಲ್ಲ ಎಂದರು. ನಿನ್ನ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಪಹಿಲೆ ಡಾಕ್ಟರ್, ಮಗ ಆಸನ" ಎಂದರು. ಮೊದಲು ಡಾಕ್ಟರು, ಆಮೇಲೆ ಆಸನ.

ಡಾಕ್ಟರ ಹತ್ತಿರ ಹೋಗಬೇಕಾದರೆ ಮಾಪಣ್ಣನಿಗೆ ಹೇಳಬೇಕಿತ್ತು. ನೀನು ಎರಡು ವಾರ ತಡೆದೆ. ಕೊನೆಗೆ ನಾನೇ ಹೇಳಿದೆ, ನೀನು ಸೆರಗು ಬಾಯಿಗಿಟ್ಟು ಮೂಲೆಯಲ್ಲಿ ಕೂತಿದ್ದೆ. ಲಾರಿಯಿಂದ ಮೂಟೆ ಇಳಿಸಿ ಬಂದಿದ್ದ ಅವನ ಭುಜದ ಮೇಲೆ ಸಿಮೆಂಟಿನ ಧೂಳಿತ್ತು. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಅಂಗೈಯನ್ನೇ ನೋಡುತ್ತ ಹೇಳಿದ, "ಕ್ವಿಂಟಲ್ ಚೀಲ ನನ್ನ ಬೆನ್ನ ಮ್ಯಾಗ ಬಿದ್ರ ಸುತ್ತ ಇದ್ದವ್ರಿಗೆಲ್ಲ ಕಾಣ್ತದ. ಈಕಿ ಇಷ್ಟು ವರ್ಷ ಹೊತ್ತದ್ದು ನನಗ್ಯಾಕ ಕಾಣ್ಲಿಲ್ಲ ಅಕ್ಕೋರೇ?" ಮರುದಿನ ಅವನೇ ನಿನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಒಳಗೆ ರಬ್ಬರಿನ ಬಳೆಯೊಂದನ್ನು ಕೂರಿಸಿ, ಮಳೆಗಾಲ ಕಳೆದ ಮೇಲೆ ಆಪರೇಷನ್ ಮಾಡೋಣ, ಅಲ್ಲಿಯವರೆಗೆ ಭಾರ ಎತ್ತಬಾರದು ಎಂದರು. ಅದರ ಮಾರನೆಯ ವಾರ ದಮಯಂತಿಬಾಯಿ ನಿನ್ನನ್ನು ಮಡಿಸಿದ ಕಂಬಳಿಗಳ ಮೇಲೆ ಮಲಗಿಸಿ, ಸೊಂಟ ಮೇಲೆ, ತಲೆ ಕೆಳಗೆ, ಕಾಲು ಗೋಡೆಗೆ ಇಡಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಬಿಡಲು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ನೀನು ಕಣ್ಣು ಬಿಟ್ಟು ಸಂಶಯದಿಂದ ಕೇಳಿದೆ, "ಅಕ್ಕೋರೇ, ಏನೂ ಮಾಡ್ದೆ ಮಲಗೋದಕ್ಕೂ ಯೋಗ ಅಂತಾರೇನು?" ಹೌದು ಎಂದೆ ನಾನು. "ಹಂಗಿದ್ರ ಇದನ್ನ ದೊಡ್ಡವರ ಮನಿ ಹೆಣ್ಮಕ್ಕಳು ಬಚ್ಚಿಟ್ಟಾರ" ಎಂದೆ ನೀನು. ಆಮೇಲೆ ನಿನಗೆ ಎಂಥ ನಿದ್ದೆ ಬಂತೆಂದರೆ, ಹಗ್ಗಕ್ಕೆ ಜೋತಿದ್ದವರೆಲ್ಲ ಇಳಿದು ಸದ್ದಿಲ್ಲದೆ ಹೊರಗೆ ಹೋಗಬೇಕಾಯಿತು.

ನಮ್ಮ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ, ನೆನಪಿದೆಯೇ? ಕಲ್ಯಾಣದ ರೈಲ್ವೆ ಕಾಲೊನಿಯಲ್ಲಿ ದೇವದಾಸ್ ಎಂಬ ರಿಟೈರಾದ ಗಾರ್ಡ್ ಒಬ್ಬರು ಬರೀ ಉಸಿರು, ಬರೀ ಮಲಗುವುದು ಇಷ್ಟನ್ನೇ ಕಲಿಸುತ್ತಿದ್ದರು. ಬಲಗಾಲ ಹೆಬ್ಬೆರಳು, ಬಲಗಾಲ ಹಿಮ್ಮಡಿ ಎಂದು ಅವರು ಒಂದೊಂದೇ ಅಂಗದ ಹೆಸರು ಹೇಳುವುದು, ನಾವು ಮನಸ್ಸನ್ನು ಅಲ್ಲಿಗೆ ಒಯ್ಯುವುದು. ನನಗೆ ಅದು ಒಗ್ಗಲೇ ಇಲ್ಲ. ಅವರು ಹಿಮ್ಮಡಿ ಎಂದಾಗ ನಾನು 5.52ರ ಲೋಕಲ್ ಸಿಗುತ್ತದೋ ಇಲ್ಲವೋ ಎನ್ನುತ್ತಿದ್ದೆ. ದಿನವಿಡೀ ಕೂತು ಜಡವಾದ ನನ್ನ ಮೈ ಮೊದಲು ಬೆವರಬೇಕು, ಆಮೇಲಷ್ಟೇ ಸುಮ್ಮನಾಗುತ್ತದೆ. ಮಾವನಿಗೆ ಮಾತ್ರ ಅದು ಬಹಳ ಹಿಡಿಸಿತು. ರಾತ್ರಿ ಕಾಲಿನ ಸೆಳೆತಕ್ಕೆ ನಿದ್ದೆ ಇಲ್ಲದವರು ಅವರು. ಪ್ರತಿ ಗುರುವಾರ ನನ್ನನ್ನು ಕೇಳದೆಯೇ ರೈಲು ಹತ್ತಿ ಹೋಗುತ್ತಿದ್ದರು.

ಒಂದು ಮಾತು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಮಿಲ್ಲಿನ ಹೆಂಗಸರೂ ಇದನ್ನು ಕೇಳಬಹುದು. ನಿನ್ನನ್ನು ಗುಣಪಡಿಸಿದ್ದು ಕಂಬಳಿಯಲ್ಲ, ದೀಪಾವಳಿಯ ಮುಂಚೆ ಆದ ಆಪರೇಷನ್. ಆಸನ ನೋವು ಕಡಿಮೆ ಮಾಡಿತು, ಧೈರ್ಯ ಕೊಟ್ಟಿತು, ಕೊಯ್ದ ಮೈ ಮತ್ತೆ ಗಟ್ಟಿಯಾಗಲು ನೆರವಾಯಿತು. ಅಷ್ಟೇ. ಆಸ್ಪತ್ರೆಯಲ್ಲಿ ಒಂಬತ್ತು ದಿನವೂ ಮಾಪಣ್ಣ ವಾರ್ಡಿನ ಹೊರಗೆ ಕೂತಿದ್ದ. ನೀನು ಮತ್ತೆ ಬುಟ್ಟಿ ಹೊರಬಾರದೆಂದು, ಎಂಬತ್ತಮೂರರಲ್ಲಿ ನೆರೂಳದ ಹೊಸ ಬಿಲ್ಡಿಂಗಿನಲ್ಲಿ ವಾಚ್‌ಮನ್ ಕೆಲಸ ಹಿಡಿದ. ಖಾಲಿ ಬಿಲ್ಡಿಂಗಿನ ನೆಲಮಹಡಿಯಲ್ಲಿ ನೀವು ಮೂವರು.

ಅಲ್ಲಿಗೆ ನಾನು ಬಂದ ಮಧ್ಯಾಹ್ನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಠಾಣೆಯಿಂದ ಬಸ್ಸು ಹಿಡಿದು, ಇಳಿದ ಮೇಲೆ ಕೆಸರಿನಲ್ಲಿ ಸೆಕ್ಟರ್ ಹುಡುಕುತ್ತ ಒಂದು ತಾಸು ನಡೆದೆ. ಎಲ್ಲ ಬಿಲ್ಡಿಂಗೂ ಒಂದೇ ಥರ, ಯಾವುದರಲ್ಲೂ ಜನವಿಲ್ಲ. ನಿಮ್ಮದರ ಒಳಗೆ ಕಾಲಿಟ್ಟರೆ ಬಾಗಿಲಿಲ್ಲದ ದೊಡ್ಡ ಕೋಣೆಯಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ಮಲಗಿದ್ದರು. ಗಿಲಾವು ಕಾಣದ ಇಟ್ಟಿಗೆಯ ಗೋಡೆಗೆ ಇಪ್ಪತ್ತೆರಡು ಕಾಲು. ಸೊಂಟದ ಕೆಳಗೆ ಮಡಿಸಿದ ಸಿಮೆಂಟ್ ಚೀಲ. ಸುತ್ತಲಿನ ಸೈಟುಗಳಿಗೆ ಊಟದ ಬಿಡುವು. ನೀನು ನಡುವೆ ಓಡಾಡುತ್ತ ಒಬ್ಬೊಬ್ಬರ ಸೊಂಟ ಸರಿಪಡಿಸುತ್ತಿದ್ದೆ. ಆಚೆಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಗ್ಗುವ ಹೆಂಗಸೊಬ್ಬಳು ಸಾರುವೆಯ ಬಿದಿರಿಗೆ ಎರಡೂ ಕೈಯಿಂದ ಜೋತಿದ್ದಳು. ಕೂತು ಕೂತು ಮೈ ಬಂದ ಇನ್ನೊಬ್ಬ ವಾಚ್‌ಮನ್ನನ ಹೆಂಡತಿಯನ್ನು ನೀನು ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದೆ. ಅವಳು ಬೈಯುತ್ತ ಹತ್ತುತ್ತಿದ್ದಳು. ನಾನು ಕಂಡೊಡನೆ ನೀನು, "ಅಕ್ಕೋರು ಬಂದ್ರು, ಎಲ್ಲರೂ ಸರಿ ಉಸಿರು ಬಿಡ್ರಿ" ಎಂದು ಗದರಿದೆ.

ಮೂರು ಗುರುಗಳ ಹತ್ತಿರ ಓಡಾಡಿ ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡದ್ದೆಲ್ಲ ಅಲ್ಲಿ ಆ ನೆಲದ ಮೇಲೆ ಮಲಗಿತ್ತು, ಹತ್ತುತ್ತಿತ್ತು, ಜೋತಿತ್ತು. ಗುರುಗಳಾರೂ ಇನ್ನೊಬ್ಬರ ಬಾಗಿಲು ಹಾಯ್ದವರಲ್ಲ. ನೀನು ಮೂರನ್ನೂ ಒಂದೇ ಕೋಣೆಗೆ ತಂದಿದ್ದೆ.

ಸಂಕರ್ಷಣ ಮಾಸ್ಟ್ರ ಸುದ್ದಿ ನಿನಗೆ ತಿಳಿದಿರಲಾರದು. ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಎಂಬತ್ತಾರರಲ್ಲಿ ಒಂದು ದಿನ ಮದುವೆಯಾದ ಹೆಂಗಸೊಬ್ಬಳು ಅವರ ಚೀಟಿ ಹಿಡಿದು ನನ್ನ ಮನೆಗೆ ಬಂದಳು. "ಇವರಿಗೆ ನನ್ನ ಕ್ರಮ ಆಗೂದಿಲ್ಲ. ನಿನ್ನ ಹತ್ರ ಇರುವುದು ಆದೀತು. ನೋಡು" ಎಂದಷ್ಟೇ ಬರೆದಿದ್ದರು. ಆ ಚೀಟಿ ಓದಿ ಮರುದಿನ ನೌಪಾಡಾಕ್ಕೆ ಹೋಗಿ ಅವರ ಕಾಲು ಮುಟ್ಟಿದೆ. ಅವರು, ಕುತ್ತಿಗೆ ಹೇಗಿದೆ ಎಂದು ಮಾತ್ರ ಕೇಳಿದರು. ಈಗಲೂ ವಾರಕ್ಕೆ ಎರಡು ದಿನ ಅವರ ಕ್ಲಾಸಿನಲ್ಲಿ ಬೆವರುತ್ತೇನೆ. ನನ್ನಂಥ ಕೂರುವವರಿಗೆ ಅದು ಬಹಳ ಒಳ್ಳೆಯ ಯೋಗ.

ಹಾಗಾಗಿ ಮಿಲ್ಲಿನವರು ಯಾವುದು ಚಲೋ ಎಂದು ಕೇಳಿದರೆ ಹೆದರಬೇಡ. ದಿನವಿಡೀ ಏನು ಮಾಡುತ್ತೀ ಎಂದು ನೀನೇ ಅವರನ್ನು ಕೇಳು. ಬೇಳೆ ಆರಿಸುತ್ತ ಕುಕ್ಕರುಗಾಲಿನಲ್ಲಿ ಕೂರುವವಳಿಗೆ ಎದ್ದು ಮೈ ಹಿಗ್ಗಿಸುವುದು, ಮೂಟೆ ಹೊರುವವಳಿಗೆ ಕಾಲು ಮೇಲಿಟ್ಟು ಮಲಗುವುದು, ಧೂಳಿಗೆ ಎದೆ ಕಟ್ಟಿದವಳು ಮೊದಲು ಡಾಕ್ಟರ ಹತ್ತಿರ, ಆಮೇಲೆ ಸ್ವಾಮಿಗಳ ಉಸಿರಿನ ಪಾಠ. ಡ್ರಿಲ್ ಮಾಸ್ತರರ ನಮಸ್ಕಾರ ಶಾಲೆಯ ಬೆಂಚಿನ ಮೇಲೆ ಆರು ತಾಸು ಕೂರುವ ಗುರಮ್ಮನಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಗುರಮ್ಮಾ, ನಾಳೆ ನೀನು ತಾಯಿಯಾದಾಗ ಹೆತ್ತ ಮೈಗೆ ಆ ನಮಸ್ಕಾರವೂ ಬೇಡ, ಬುಟ್ಟಿಯೂ ಬೇಡ. ನಿನ್ನ ಗಂಡನ ಮನೆಯವರಿಗೆ ಇದನ್ನು ನೀನೇ ಬಾಯಿ ತೆರೆದು ಹೇಳಬೇಕು. ನಾಚಿಕೆಯಾದರೆ ಈ ಕಾಗದ ಕೊಡು, ಅವರೂ ಓದಲಿ. ಈಗ ಸ್ವಲ್ಪ ನಿಲ್ಲಿಸಿ ಅಮ್ಮನ ಕೈ ಹಿಡಿದುಕೋ. ಅವಳು ಕೊಡುವುದಿಲ್ಲ, ಎಳೆದುಕೊಂಡು ಹಿಡಿ.

ಶರಣಬಸಮ್ಮ, ಈಗ ನನ್ನದೊಂದು ಪ್ರಶ್ನೆ. ಕಳೆದ ವರ್ಷದಿಂದ ಕಳವಾದಲ್ಲಿ ನಿಮ್ಮ ಕಡೆಯ ಹೆಂಗಸರಿಗಾಗಿ ಭಾನುವಾರ ಮಧ್ಯಾಹ್ನ ಒಂದು ಕ್ಲಾಸು ನಡೆಸುತ್ತಿದ್ದೇನೆ. ಎರಡು ತಿಂಗಳ ಹಿಂದೆ ಮರಗಮ್ಮ ಎಂಬವಳು ಬಂದಳು. ರಾಯಚೂರಿನ ಕಡೆಯವಳು, ಮೂವತ್ತರ ಒಳಗಿನ ವಯಸ್ಸು, ರಸ್ತೆಗೆ ಡಾಂಬರು ಹಾಕುವ ಕೆಲಸ. ಮೈಯಲ್ಲಿ ಎಲ್ಲೂ ನೋವಿಲ್ಲ ಎನ್ನುತ್ತಾಳೆ. ಡಾಕ್ಟರಿಗೂ ತೋರಿಸಿದೆ, ಏನೂ ಇಲ್ಲ ಎಂದರು. ಹಾರಿದರೆ ಹಾರುತ್ತಾಳೆ, ಹಗ್ಗ ಕೊಟ್ಟರೆ ಜೋಲುತ್ತಾಳೆ. ಆದರೆ ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಮಲಗಿದಾಗ ಅವಳೊಬ್ಬಳು ಕಣ್ಣು ಮುಚ್ಚಲಾರಳು. ಮುಚ್ಚಿದ ಕೂಡಲೇ ಯಾರೋ ಕರೆದಂತೆ ಧಡಕ್ಕನೆ ಎದ್ದು ಕೂರುತ್ತಾಳೆ. ಯಾಕೆ ಎಂದು ಕೇಳಿದರೆ, "ಗೊತ್ತಿಲ್ಲ್ರೀ" ಎನ್ನುತ್ತಾಳೆ. ಮೂರೂ ಗುರುಗಳಿಂದ ಕಲಿತದ್ದನ್ನು ಮಾಡಿ ನೋಡಿದೆ. ನನಗೆ ತಿಳಿಯುತ್ತಿಲ್ಲ. ನಡೆಯುವಾಗ ಗೋಡೆಯ ಪಕ್ಕದಲ್ಲೇ ನಡೆಯುತ್ತಾಳೆ, ಬಾಗಿಲ ಕಡೆಗೆ ಬೆನ್ನು ಮಾಡಿ ಎಂದೂ ಕೂರುವುದಿಲ್ಲ. ನಾನು ಕಂಡದ್ದು ಇಷ್ಟು. ನೀನಾಗಿದ್ದರೆ ಇನ್ನೇನು ನೋಡುತ್ತಿದ್ದೆ? ಅವಳಿಗೆ ಯಾವ ಯೋಗ? ಬರೆಸು. ಇಲ್ಲವೇ ಗುರಮ್ಮನ ಮದುವೆಗೆ ಮೊದಲು ಎರಡು ದಿನ ಬಂದು ಅವಳು ನಡೆಯುವುದನ್ನು ನೋಡು.

ನಿನ್ನ ಉತ್ತರ ಬರುವವರೆಗೆ ಕಣ್ಣು ತೆರೆದೇ ಮಲಗು ಎಂದು ಅವಳಿಗೆ ಹೇಳಿದ್ದೇನೆ. ಅವಳ ಪಕ್ಕದಲ್ಲಿ ನಾನೂ ತೆರೆದೇ ಮಲಗುತ್ತೇನೆ.

ಮಾಪಣ್ಣನಿಗೆ ನನ್ನ ನಮಸ್ಕಾರ ತಿಳಿಸು. ಗುರಮ್ಮನ ಹೊಸ ಮನೆ ಅವಳ ಮಾತು ಕೇಳಿಸಿಕೊಳ್ಳುವ ಮನೆಯಾಗಲಿ. ನಿನ್ನ ಬೆನ್ನು ಹೀಗೆಯೇ ನೇರವಾಗಿರಲಿ.

ನಿನ್ನಿಂದ ನೋಡಲು ಕಲಿತ,
ಜಯಲತಾ